ಕಿತ್ತಳೆ ತೋಟದ ನಡುವಿನ ಮನೆ: ಹ್ಯಾರಿ ಮತ್ತು ಹ್ಯಾರಿಯೆಟ್ ಮೂರ್ ದಂಪತಿಯ ಕೊಲೆ

ಪತ್ತೆಯಾಗದ ಕೊಲೆ ಎಂದೊಡನೆ ನಮ್ಮ ಮನಸ್ಸು ಸುಳಿವೇ ಸಿಗದ ಕೊಲೆಯೊಂದನ್ನು ಊಹಿಸಿಕೊಳ್ಳುತ್ತದೆ. ಕತ್ತಲಲ್ಲಿ ಯಾರೋ ಬಂದರು, ಕೊಂದರು, ಹೋದರು. ಪೊಲೀಸರು ಹುಡುಕಿದರು, ಸಿಗಲಿಲ್ಲ. ನಾನು ಇಂದು ನಿಮ್ಮ ಮುಂದೆ ಇಡುತ್ತಿರುವ ಪ್ರಕರಣದಲ್ಲಿ ಸುಳಿವುಗಳಿದ್ದವು, ಶಂಕಿತರಿದ್ದರು, ಸಾವಿರಾರು ಪುಟಗಳ ಕಡತವಿತ್ತು, ಐದು ಸಲ ತನಿಖೆಯೂ ನಡೆಯಿತು. ಆದರೂ ಒಬ್ಬನೇ ಒಬ್ಬ ವ್ಯಕ್ತಿ ಈ ಕೊಲೆಗಾಗಿ ನ್ಯಾಯಾಲಯದ ಕಟಕಟೆ ಹತ್ತಲಿಲ್ಲ. ಹಾಗಾಗಿ ‘ಪತ್ತೆಯಾಗದ’ ಎಂಬ ಪದವನ್ನು ಇಲ್ಲಿ ಬಳಸುವಾಗಲೆಲ್ಲ ನನಗೆ ಒಂದು ಅಳುಕು ಇದೆ. ಪತ್ತೆಯಾಗದಿರುವುದು ಬೇರೆ, ಪತ್ತೆಯಾದದ್ದನ್ನು ನ್ಯಾಯಾಲಯದ ಬಾಗಿಲವರೆಗೆ ತರಲಾಗದಿರುವುದು ಬೇರೆ. ಈ ಎರಡರ ನಡುವೆ ಇರುವ ಅಂತರವೇ ನನ್ನ ಮಾತಿನ ವಿಷಯ.

ಅಮೆರಿಕದ ಫ್ಲೋರಿಡಾ ರಾಜ್ಯದ ಪೂರ್ವ ಕರಾವಳಿಯಲ್ಲಿ ಬ್ರೆವಾರ್ಡ್ ಎಂಬ ಕೌಂಟಿ ಇದೆ. ಕೌಂಟಿ ಎಂದರೆ ಸರಿಸುಮಾರು ನಮ್ಮ ಜಿಲ್ಲೆಯ ಹಾಗೆ ಎಂದಿಟ್ಟುಕೊಳ್ಳಿ. ಅಲ್ಲಿ ಜನರೇ ಚುನಾಯಿಸುವ ಶೆರಿಫ್ ಎಂಬವನು ಪೊಲೀಸ್ ಮುಖ್ಯಸ್ಥ. ಕೇಪ್ ಕನಾವೆರಲ್ ಇರುವುದೂ ಅದೇ ಕೌಂಟಿಯಲ್ಲಿ. 1950ರ ಜುಲೈನಲ್ಲಿ ಅಲ್ಲಿಂದ ಮೊತ್ತಮೊದಲ ರಾಕೆಟ್ ಹಾರಿತು. ಅದಾದ ಒಂದೂವರೆ ವರ್ಷಕ್ಕೆ, ಅದೇ ಕೌಂಟಿಯ ಮಿಮ್ಸ್ ಎಂಬ ಪುಟ್ಟ ಊರಿನಲ್ಲಿ, ಕಿತ್ತಳೆ ತೋಟದ ನಡುವಿನ ಒಂದು ಮರದ ಮನೆಯ ಕೆಳಗೆ ಬಾಂಬ್ ಸಿಡಿಯಿತು. 1951ರ ಡಿಸೆಂಬರ್ 25, ಕ್ರಿಸ್‌ಮಸ್ ರಾತ್ರಿ, ಗಂಟೆ ಹತ್ತು ಇಪ್ಪತ್ತರ ಸುಮಾರು. ಮನೆಯಲ್ಲಿ ಮಲಗಿದ್ದವರು ಹ್ಯಾರಿ ಟಿ. ಮೂರ್, ಅವರ ಪತ್ನಿ ಹ್ಯಾರಿಯೆಟ್, ಹ್ಯಾರಿಯವರ ವೃದ್ಧ ತಾಯಿ ರೋಸಾ ಮತ್ತು ಹಿರಿಯ ಮಗಳು. ದಂಪತಿಯ ಮಲಗುವ ಕೋಣೆಯ ನೆಲದಡಿ, ನೇರವಾಗಿ ಮಂಚದ ಕೆಳಗೇ, ಬಾಂಬ್ ಇಟ್ಟಿದ್ದರು. ಮೈಲಿಗಟ್ಟಲೆ ದೂರದ ಟೈಟಸ್‌ವಿಲ್ ಪಟ್ಟಣಕ್ಕೂ ಆ ಸದ್ದು ಕೇಳಿಸಿತು. ತಾಯಿ ಮತ್ತು ಮಗಳು ಬದುಕಿ ಉಳಿದರು. ಅಂದು ಆ ದಂಪತಿಯ ಮದುವೆಯಾಗಿ ಸರಿಯಾಗಿ 25 ವರ್ಷ ತುಂಬಿತ್ತು.

ಯಾರಿವರು? ಕೊಲೆಯ ಕಥೆ ಹೇಳುವಾಗ ಸತ್ತವರನ್ನು ಒಂದೆರಡು ಸಾಲಿನಲ್ಲಿ ಮುಗಿಸಿ ಕೊಂದವರ ಬೆನ್ನು ಹತ್ತುವುದು ರೂಢಿ. ಇಲ್ಲಿ ಹಾಗೆ ಮಾಡಲಾಗದು. ಏಕೆಂದರೆ ಈ ಕೊಲೆಗೆ ಕಾರಣ ಏನಿರಬಹುದೆಂಬ ಪ್ರಶ್ನೆಗೆ ಉತ್ತರ ಸಿಗುವುದು ಇವರು ದಿನವೂ ಮಾಡುತ್ತಿದ್ದ ಕೆಲಸದಲ್ಲಿ.

ಹ್ಯಾರಿ ಮೂರ್ ಹುಟ್ಟಿದ್ದು 1905ರಲ್ಲಿ, ಉತ್ತರ ಫ್ಲೋರಿಡಾದ ಸುವಾನಿ ಕೌಂಟಿಯ ಹಳ್ಳಿಯೊಂದರಲ್ಲಿ. ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಹುಡುಗನನ್ನು ತಾಯಿ ಕೆಲಕಾಲ ಜಾಕ್ಸನ್‌ವಿಲ್‌ನಲ್ಲಿದ್ದ ಓದಿದ ಹೆಣ್ಣುಮಕ್ಕಳ ಮನೆಗೆ, ಹುಡುಗನ ದೊಡ್ಡಮ್ಮ–ಚಿಕ್ಕಮ್ಮಂದಿರ ಮನೆಗೆ, ಕಳುಹಿಸಿದರು. ಪುಸ್ತಕದ ರುಚಿ ಹತ್ತಿದ್ದು ಅಲ್ಲಿಯೇ. 1925ರಲ್ಲಿ ಶಿಕ್ಷಕರಾಗಿ ಬ್ರೆವಾರ್ಡ್ ಕೌಂಟಿಗೆ ಬಂದರು. ಅಲ್ಲಿ ಪರಿಚಯವಾದ ಹ್ಯಾರಿಯೆಟ್ ಸಿಮ್ಸ್ ಹ್ಯಾರಿಗಿಂತ ಮೂರು ವರ್ಷ ದೊಡ್ಡವರು, ಅವರೂ ಶಿಕ್ಷಕಿಯಾಗಿದ್ದವರು. 1926ರ ಕ್ರಿಸ್‌ಮಸ್ ದಿನ ಮದುವೆಯಾಯಿತು. ಮುಂದೆ ಹ್ಯಾರಿ ಟೈಟಸ್‌ವಿಲ್‌ನ ಕಪ್ಪುಜನರ ಶಾಲೆಯ ಮುಖ್ಯೋಪಾಧ್ಯಾಯರಾದರು. ಇಬ್ಬರು ಹೆಣ್ಣುಮಕ್ಕಳಾದರು. ನೌಕರಿ, ಮನೆ, ಸಣ್ಣ ತೋಟ, ಸಂಸಾರ. ಆ ಕಾಲದ ಫ್ಲೋರಿಡಾದಲ್ಲಿ ಕಪ್ಪು ಕುಟುಂಬವೊಂದು ಬಯಸಬಹುದಾದ ನೆಮ್ಮದಿಯಷ್ಟೂ ಅವರಿಗಿತ್ತು ಎನ್ನಬಹುದು.

1934ರಲ್ಲಿ ಹ್ಯಾರಿ ತಮ್ಮ ಕೌಂಟಿಯಲ್ಲಿ ಎನ್‌ಎಎಸಿಪಿ ಸಂಸ್ಥೆಯ ಶಾಖೆಯನ್ನು ಆರಂಭಿಸಿದರು. ಕಪ್ಪುಜನರ ನಾಗರಿಕ ಹಕ್ಕುಗಳಿಗಾಗಿ ಕೋರ್ಟಿನ ಒಳಗೂ ಹೊರಗೂ ಹೋರಾಡುತ್ತಿದ್ದ ರಾಷ್ಟ್ರೀಯ ಸಂಸ್ಥೆ ಅದು. ಅವರು ಮೊದಲು ಕೈಗೆತ್ತಿಕೊಂಡ ದೊಡ್ಡ ವಿಷಯ ಸಂಬಳ. ಬಿಳಿಯ ಶಿಕ್ಷಕರಿಗೆ ಸಿಗುತ್ತಿದ್ದುದರ ಅರ್ಧದಷ್ಟು ಮಾತ್ರ ಕಪ್ಪು ಶಿಕ್ಷಕರಿಗೆ ಸಿಗುತ್ತಿತ್ತು. ಇದನ್ನು ಪ್ರಶ್ನಿಸಿ ಕೋಕೋ ಪಟ್ಟಣದ ಶಿಕ್ಷಕರೊಬ್ಬರ ಹೆಸರಿನಲ್ಲಿ ಮೊಕದ್ದಮೆ ಹೂಡಲಾಯಿತು. ‘ಡೀಪ್ ಸೌತ್’ ಎಂದು ಕರೆಯುವ ಅಮೆರಿಕದ ದಕ್ಷಿಣ ತುದಿಯ ರಾಜ್ಯಗಳಲ್ಲಿ ಈ ಬಗೆಯ ಮೊಕದ್ದಮೆ ಅದೇ ಮೊದಲು. ಹಿಂದೆ ನಿಂತು ನೆರವಾದವರು ಯುವ ವಕೀಲ ಥರ್ಗುಡ್ ಮಾರ್ಷಲ್. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದವರು. ಆ ದಾವೆ ಸೋತಿತು. ಆದರೆ ಅದೇ ಹಾದಿಯಲ್ಲಿ ಬೇರೆ ಕೌಂಟಿಗಳಲ್ಲಿ ಹೂಡಿದ ದಾವೆಗಳು ಗೆದ್ದವು.

ಎರಡನೆಯ ವಿಷಯ ಮತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ದಕ್ಷಿಣ ರಾಜ್ಯಗಳಲ್ಲಿ ಗೆಲ್ಲುತ್ತಿದ್ದುದು ಡೆಮಾಕ್ರಟಿಕ್ ಪಕ್ಷವೊಂದೇ. ಆದ್ದರಿಂದ ನಿಜವಾದ ಚುನಾವಣೆ ಎಂದರೆ ಆ ಪಕ್ಷ ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಪ್ರೈಮರಿ. ಆ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಸಾರ್ವತ್ರಿಕ ಚುನಾವಣೆಯ ದಿನ ಕಪ್ಪುಮನುಷ್ಯ ಮತ ಹಾಕಿದರೂ, ಊಟ ಮುಗಿದ ಮೇಲೆ ಪಂಕ್ತಿಗೆ ಕರೆದ ಹಾಗೆ. 1944ರಲ್ಲಿ ಸುಪ್ರೀಂ ಕೋರ್ಟ್ ಬಿಳಿಯರಿಗಷ್ಟೇ ಮೀಸಲಾದ ಪ್ರೈಮರಿಯನ್ನು ಅಸಾಂವಿಧಾನಿಕವೆಂದು ತೀರ್ಮಾನಿಸಿತು. ಆ ತೀರ್ಪು ಬಂದ ವರ್ಷವೇ ಹ್ಯಾರಿ ಮೂರ್ ‘ಪ್ರೋಗ್ರೆಸ್ಸಿವ್ ವೋಟರ್ಸ್ ಲೀಗ್’ ಎಂಬ ಸಂಘಟನೆ ಕಟ್ಟಿ ರಾಜ್ಯದುದ್ದಕ್ಕೂ ತಿರುಗಿದರು. ಹಳೆಯ ಕಾರು, ಮನೆಯಲ್ಲಿ ಒಂದು ಟೈಪ್‌ರೈಟರ್, ಪ್ರತಿ ತೆಗೆಯುವ ಒಂದು ಯಂತ್ರ, ಪತ್ರ ಮಡಿಚಿ ಲಕೋಟೆಗೆ ಹಾಕಲು ಹೆಂಡತಿ ಮಕ್ಕಳು. ಆರು ವರ್ಷಗಳಲ್ಲಿ ಫ್ಲೋರಿಡಾದ ಮತದಾರರ ಪಟ್ಟಿಗೆ ಒಂದು ಲಕ್ಷಕ್ಕೂ ಹೆಚ್ಚು ಕಪ್ಪುಜನರ ಹೆಸರು ಸೇರಿತು; ಅರ್ಹರಾದವರಲ್ಲಿ ಶೇಕಡಾ 31ರಷ್ಟು. ದಕ್ಷಿಣದ ಬೇರೆ ಯಾವ ರಾಜ್ಯವೂ ಆಗ ಈ ಪ್ರಮಾಣವನ್ನು ಮುಟ್ಟಿರಲಿಲ್ಲ.

ಒಂದು ಲಕ್ಷ ಮತಗಳೆಂದರೆ ಬರೀ ಅಂಕಿಯಲ್ಲ. ಶೆರಿಫ್‌ನನ್ನು, ನ್ಯಾಯಾಧೀಶನನ್ನು, ಶಾಲಾ ಮಂಡಳಿಯನ್ನು ಆರಿಸುವುದು ಮತ. ಜ್ಯೂರಿಗೆ, ಅಂದರೆ ಮೊಕದ್ದಮೆಯಲ್ಲಿ ತೀರ್ಪು ಹೇಳುವ ನಾಗರಿಕರ ಮಂಡಳಿಗೆ, ಜನರನ್ನು ಆಯ್ದುಕೊಳ್ಳುತ್ತಿದ್ದುದೂ ಸಾಮಾನ್ಯವಾಗಿ ಮತದಾರರ ಪಟ್ಟಿಯಿಂದಲೇ. ಮೂರ್ ಕೈಯಿಟ್ಟದ್ದು ಊರಿನ ಅಧಿಕಾರದ ಬೇರಿಗೆ. 1946ರಲ್ಲಿ ಇದಕ್ಕೆ ಬೆಲೆ ತೆರಬೇಕಾಯಿತು: ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೇ ಶಾಲೆಯ ಕೆಲಸದಿಂದ ತೆಗೆದುಹಾಕಿದರು. ಇಪ್ಪತ್ತು ವರ್ಷ ಪಾಠ ಹೇಳಿದ ಹ್ಯಾರಿ ಅಲ್ಲಿಂದಾಚೆಗೆ ಪೂರ್ಣಾವಧಿ ಸಂಘಟಕರಾದರು. ಹ್ಯಾರಿಯೆಟ್ ದೂರದ ಪಾಮ್ ಬೀಚ್ ಕೌಂಟಿಯಲ್ಲಿ ಶಿಕ್ಷಕಿಯ ಕೆಲಸ ಹುಡುಕಿಕೊಂಡರು. ಹೀಗಾಗಿ ಕೊನೆಯ ವರ್ಷಗಳಲ್ಲಿ ಮಿಮ್ಸ್‌ನ ಮನೆ ಬಹುಪಾಲು ರಜೆಗೆ ಬಂದು ಹೋಗುವ ಮನೆಯಾಗಿತ್ತು. ತನಿಖೆಯ ದೃಷ್ಟಿಯಿಂದ ಇದು ಸಣ್ಣ ವಿವರವಲ್ಲ: ಅವರು ಯಾವಾಗ ಮನೆಯಲ್ಲಿರುತ್ತಾರೆಂಬುದು ಕೊಂದವರಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಮೂರನೆಯ ವಿಷಯ, ಮತ್ತು ಬಹುಶಃ ಪ್ರಾಣಕ್ಕೆ ಎರವಾದ ವಿಷಯ, ಕಪ್ಪುಜನರ ಮೇಲಿನ ಗುಂಪುಹತ್ಯೆಗಳ ಬಗ್ಗೆ ಅವರು ಸ್ವತಃ ನಡೆಸುತ್ತಿದ್ದ ವಿಚಾರಣೆ. ಪೊಲೀಸರು ಮುಚ್ಚಿಹಾಕಿದ ಸಾವಿನ ಮನೆಗಳಿಗೆ ಅವರು ತಾವೇ ಹೋಗುತ್ತಿದ್ದರು, ಮನೆಯವರನ್ನು ಮಾತನಾಡಿಸುತ್ತಿದ್ದರು, ಪ್ರಮಾಣ ಮಾಡಿದ ಹೇಳಿಕೆಗಳನ್ನು ಬರೆಸಿಕೊಳ್ಳುತ್ತಿದ್ದರು, ರಾಜ್ಯಪಾಲರಿಗೆ ಪತ್ರ ಬರೆಯುತ್ತಿದ್ದರು. (ಅಮೆರಿಕದಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯಂತೆ ಜನರಿಂದ ಆರಿಸಿ ಬಂದ ಆಡಳಿತ ಮುಖ್ಯಸ್ಥ.) 1944ರ ಜನವರಿಯಲ್ಲಿ ಅವರ ಹುಟ್ಟಿದ ಕೌಂಟಿಯಲ್ಲೇ ವಿಲ್ಲೀ ಜೇಮ್ಸ್ ಹೋವರ್ಡ್ ಎಂಬ ಹದಿನೈದರ ಹುಡುಗ ಬಿಳಿಯ ಹುಡುಗಿಯೊಬ್ಬಳಿಗೆ ಚೀಟಿ ಬರೆದನೆಂಬ ಕಾರಣಕ್ಕೆ ಸುವಾನಿ ನದಿಯ ಪಾಲಾದ. ಹುಡುಗನ ತಂದೆ ತಾಯಿಯ ಹೇಳಿಕೆಗಳು ಇಂದಿಗೂ ಉಳಿದಿರುವುದರಲ್ಲಿ ಮೂರ್ ಅವರ ಪಾಲು ದೊಡ್ಡದು. ಆ ಪ್ರಕರಣದಲ್ಲೂ ಯಾರಿಗೂ ಶಿಕ್ಷೆಯಾಗಲಿಲ್ಲ.

ಇನ್ನು ಗ್ರೋವ್‌ಲ್ಯಾಂಡ್. 1949ರ ಜುಲೈನಲ್ಲಿ ಲೇಕ್ ಕೌಂಟಿಯ ಗ್ರೋವ್‌ಲ್ಯಾಂಡ್ ಪಟ್ಟಣದ ಬಳಿ ತನ್ನ ಮೇಲೆ ಅತ್ಯಾಚಾರವಾಯಿತೆಂದು ಬಿಳಿಯ ಯುವತಿಯೊಬ್ಬಳು ದೂರಿದಳು. ಆರೋಪ ಬಿದ್ದದ್ದು ನಾಲ್ವರು ಕಪ್ಪು ಯುವಕರ ಮೇಲೆ. ಬಿಳಿಯರ ಗುಂಪುಗಳು ಕಪ್ಪುಜನರ ಮನೆಗಳಿಗೆ ಬೆಂಕಿ ಹಚ್ಚಿದವು, ಸೈನ್ಯವನ್ನು ಕರೆಸಬೇಕಾಯಿತು. ನಾಲ್ವರಲ್ಲಿ ಅರ್ನೆಸ್ಟ್ ಥಾಮಸ್ ಎಂಬವನನ್ನು ಬೆನ್ನಟ್ಟಿದ ಗುಂಪು ಗುಂಡಿಟ್ಟು ಕೊಂದಿತು. ಹದಿನಾರರ ಚಾರ್ಲ್ಸ್ ಗ್ರೀನ್‌ಲೀಗೆ ಜೀವಾವಧಿ. ಸ್ಯಾಮ್ಯುಯೆಲ್ ಶೆಫರ್ಡ್ ಮತ್ತು ವಾಲ್ಟರ್ ಇರ್ವಿನ್‌ಗೆ ಮರಣದಂಡನೆ. ಬಂದಿಗಳನ್ನು ಥಳಿಸಿ ತಪ್ಪೊಪ್ಪಿಸಿದ್ದನ್ನು ಮೂರ್ ಬಯಲಿಗೆಳೆದು ರಾಜ್ಯಾದ್ಯಂತ ಹಣ ಸಂಗ್ರಹಿಸಿದರು. 1951ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಬ್ಬರ ಶಿಕ್ಷೆಯನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು.

ಆ ಮರುವಿಚಾರಣೆಗೆಂದು ಇಬ್ಬರನ್ನೂ ಜೈಲಿನಿಂದ ಕರೆತರುತ್ತಿದ್ದವನು ಲೇಕ್ ಕೌಂಟಿಯ ಶೆರಿಫ್ ವಿಲ್ಲಿಸ್ ಮೆಕಾಲ್. 1951ರ ನವೆಂಬರ್ 6ರ ರಾತ್ರಿ, ದಾರಿಯಲ್ಲಿ, ಒಂದೇ ಬೇಡಿಯಲ್ಲಿ ಬಿಗಿದಿದ್ದ ಆ ಇಬ್ಬರ ಮೇಲೂ ಆತ ಗುಂಡು ಹಾರಿಸಿದ. ಅವರು ತನ್ನ ಮೇಲೆ ಬಿದ್ದು ಓಡಲು ನೋಡಿದರೆಂಬುದು ಅವನ ಹೇಳಿಕೆ. ಶೆಫರ್ಡ್ ಅಲ್ಲೇ ಸತ್ತ. ಇರ್ವಿನ್ ಸತ್ತವನಂತೆ ಬಿದ್ದುಕೊಂಡು ಬದುಕಿದ; ತಮ್ಮನ್ನು ಕಾರಿನಿಂದ ಹೊರಗೆಳೆದು ಸುಮ್ಮನೆ ಗುಂಡು ಹೊಡೆದರೆಂದು ಆಸ್ಪತ್ರೆಯ ಹಾಸಿಗೆಯಿಂದ ಹೇಳಿದ. ಸ್ಥಳೀಯ ವಿಚಾರಣೆ ಕೆಲವೇ ದಿನಗಳಲ್ಲಿ ಶೆರಿಫ್‌ನನ್ನು ನಿರ್ದೋಷಿಯೆಂದು ಬಿಟ್ಟಿತು. ಮೆಕಾಲ್‌ನನ್ನು ಅಮಾನತು ಮಾಡಬೇಕು, ಕೊಲೆ ಆರೋಪ ಹೊರಿಸಬೇಕು ಎಂದು ರಾಜ್ಯಪಾಲ ಫುಲ್ಲರ್ ವಾರನ್ ಅವರನ್ನು ಬಹಿರಂಗವಾಗಿ ಒತ್ತಾಯಿಸಿದವರು ಹ್ಯಾರಿ ಮೂರ್. ಇದಾದ ಮೇಲೆ ಅವರು ಬದುಕಿದ್ದು ಸುಮಾರು ಏಳು ವಾರ.

ಈ ಏಳು ವಾರಗಳ ಬಗ್ಗೆ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. ಸ್ಮಾರಕ ಭಾಷಣಗಳಲ್ಲಿ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅದೇ ನವೆಂಬರ್ ತಿಂಗಳಲ್ಲಿ ಡೇಟೋನಾ ಬೀಚ್‌ನಲ್ಲಿ ನಡೆದ ಎನ್‌ಎಎಸಿಪಿಯ ರಾಜ್ಯ ಸಮ್ಮೇಳನದಲ್ಲಿ ಮೂರ್ ಅವರನ್ನು ಕಾರ್ಯನಿರ್ವಾಹಕ ಕಾರ್ಯದರ್ಶಿ ಸ್ಥಾನದಿಂದ ತೆಗೆದರು. ಸದಸ್ಯತ್ವ ಶುಲ್ಕ ಒಂದು ಡಾಲರಿನಿಂದ ಎರಡು ಡಾಲರಿಗೆ ಏರಿದ ಮೇಲೆ ಸದಸ್ಯರ ಸಂಖ್ಯೆ ತೀವ್ರವಾಗಿ ಕುಸಿದಿತ್ತು. ಅವರ ಸಂಬಳದ ಬಾಕಿಯೂ ಉಳಿದಿತ್ತು. ಅವರು ರಾಜಕೀಯದಲ್ಲಿ ಅತಿಯಾಗಿ ತೊಡಗಿದ್ದಾರೆಂಬ ಅಸಮಾಧಾನ ರಾಷ್ಟ್ರೀಯ ಕಚೇರಿಗಿತ್ತು. ಬಾಂಬ್ ಸಿಡಿದಾಗ ಅವರು ಸಂಬಳವಿಲ್ಲದ ಸಂಯೋಜಕರು. ಸತ್ತ ಮೇಲೆ, 1952ರಲ್ಲಿ, ಅದೇ ಸಂಸ್ಥೆ ತನ್ನ ಅತ್ಯುನ್ನತ ಗೌರವವಾದ ಸ್ಪಿಂಗಾರ್ನ್ ಪದಕವನ್ನು ಅವರಿಗೆ ನೀಡಿತು.

ಬೆದರಿಕೆ ಇರಲಿಲ್ಲವೆಂದಲ್ಲ. ಕೊನೆಯ ವರ್ಷಗಳಲ್ಲಿ ಪ್ರಯಾಣದಲ್ಲಿ ಮೂರ್ ಪಿಸ್ತೂಲು ಇಟ್ಟುಕೊಳ್ಳುತ್ತಿದ್ದರು. 1951ರಲ್ಲೇ ಒಮ್ಮೆ ಮಿಮ್ಸ್‌ನ ಅಂಗಡಿಯೊಂದಕ್ಕೆ ಇಬ್ಬರು ಅಪರಿಚಿತ ಬಿಳಿಯರು ಬಂದು ‘ಆ ಶ್ರೀಮಂತ ಪ್ರೊಫೆಸರ್ ಮೂರ್’ ಮನೆ ಎಲ್ಲಿ ಎಂದು ವಿಚಾರಿಸಿ ಹೋಗಿದ್ದರು. ತಾಯಿ ರೋಸಾ ಇದನ್ನೆಲ್ಲ ಬಿಟ್ಟುಬಿಡೆಂದು ಮಗನನ್ನು ಬೇಡಿಕೊಳ್ಳುತ್ತಿದ್ದರು. ಕ್ರಿಸ್‌ಮಸ್ ರಾತ್ರಿ ಎಲ್ಲರೂ ಹತ್ತಿರದಲ್ಲೇ ಇದ್ದ ಹ್ಯಾರಿಯೆಟ್ ಅವರ ಸೋದರನ ಮನೆಯಲ್ಲಿ ಊಟ ಮಾಡಿ ಬಂದಿದ್ದರು. ಮನೆಗೆ ಬಂದು ಮದುವೆಯ ವಾರ್ಷಿಕೋತ್ಸವದ ಕೇಕ್ ಕತ್ತರಿಸಿ, ದೀಪ ಆರಿಸಿ ಮಲಗಿದರು.

ಕಪ್ಪುಜನರನ್ನು ಸೇರಿಸಿಕೊಳ್ಳುವ ಹತ್ತಿರದ ಆಸ್ಪತ್ರೆ ಇದ್ದದ್ದು 30 ಮೈಲಿ ದೂರದ ಸ್ಯಾನ್‌ಫೋರ್ಡ್‌ನಲ್ಲಿ. ನೆಂಟರ ಕಾರಿನಲ್ಲಿ ಗಾಯಾಳುಗಳನ್ನು ಕೊಂಡೊಯ್ದರು. ಹ್ಯಾರಿ ಉಳಿಯಲಿಲ್ಲ, ಅವರಿಗೆ 46 ವರ್ಷ. ಕಿರಿಯ ಮಗಳು ಇವಾಂಜಲಿನ್ ವಾಷಿಂಗ್ಟನ್‌ನಲ್ಲಿ ಸರ್ಕಾರಿ ನೌಕರಿಯಲ್ಲಿದ್ದಳು, ರಜೆಗೆಂದು ರೈಲು ಹತ್ತಿದ್ದಳು. ಡಿಸೆಂಬರ್ 27ರಂದು ಟೈಟಸ್‌ವಿಲ್ ನಿಲ್ದಾಣದಲ್ಲಿ ಇಳಿದಾಗ ನೆಂಟರೆಲ್ಲ ಕಂಡರು, ಅಪ್ಪ ಅಮ್ಮ ಕಾಣಲಿಲ್ಲ. ಅಪ್ಪ ಎಲ್ಲಿ ಎಂದು ಕೇಳಿದ ಮೇಲೆಯೇ ಅವಳಿಗೆ ವಿಷಯ ಗೊತ್ತಾದದ್ದು. 1952ರ ಜನವರಿ 1ರಂದು ಮಿಮ್ಸ್‌ನ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಕಪ್ಪು ಮನುಷ್ಯನ ಶವಸಂಸ್ಕಾರಕ್ಕೆ ಹೂವು ತಲುಪಿಸಲು ಸ್ಥಳೀಯ ಹೂವಿನಂಗಡಿಗಳು ಒಪ್ಪದ್ದರಿಂದ ಹೂವನ್ನು ಮಯಾಮಿಯಿಂದ ತರಿಸಬೇಕಾಯಿತು. ಎರಡು ದಿನ ಕಳೆದು, ಜನವರಿ 3ರಂದು, ಹ್ಯಾರಿಯೆಟ್ ಕೂಡ ತೀರಿಕೊಂಡರು.

ಇಲ್ಲಿ ಒಂದು ಮಾತು. ಈ ಪ್ರಕರಣವನ್ನು ಬಹುಕಾಲ ‘ಹ್ಯಾರಿ ಮೂರ್ ಕೊಲೆ’ ಎಂದೇ ಕರೆದರು. ಹ್ಯಾರಿಯೆಟ್ ಅವರ ಹೆಸರು ಅದರ ಬಾಲಕ್ಕೆ ಅಂಟಿಕೊಂಡಂತೆ ಬರುತ್ತಿತ್ತು. ಆದರೆ ಕಾನೂನಿನ ಲೆಕ್ಕದಲ್ಲಿ ಇವು ಎರಡು ಕೊಲೆಗಳು. ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಗಂಡನ ಸಂಬಳ ಬಾರದಿದ್ದ ದಿನಗಳಲ್ಲಿ ಸಂಸಾರದ ಭಾರ ಹೊತ್ತವರು ಅವರು. ಗಂಡ ಸತ್ತ ಮೇಲೆ ಒಂಬತ್ತು ದಿನ ಅವರು ಬದುಕಿದ್ದರು, ಮಾತನಾಡಬಲ್ಲ ಸ್ಥಿತಿಯಲ್ಲಿದ್ದರು. ಆ ದಿನಗಳಲ್ಲಿ ಅವರು ಪತ್ರಕರ್ತರೊಡನೆ ಆಡಿದ ಮಾತಿಗೆ ಕೊನೆಯಲ್ಲಿ ಮರಳುತ್ತೇನೆ.

ತನಿಖೆಗೆ ಕೇಂದ್ರ ಸರ್ಕಾರದ ಎಫ್‌ಬಿಐ ಕೂಡಲೇ ಬಂತು. ದೇಶ ವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಶೀತಲ ಸಮರದ ಆ ದಿನಗಳಲ್ಲಿ ಇಂಥ ಘಟನೆ ಜಗತ್ತಿನ ಮುಂದೆ ಅಮೆರಿಕದ ಮುಖಕ್ಕೆ ಮಸಿ ಬಳಿಯುತ್ತದೆಂಬ ಆತಂಕ ದಿವಂಗತ ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲಿನರ್ ಅವರಂಥವರಿಗೂ ಇತ್ತು. ಆದರೆ ಕೊಲೆ ಎಂಬುದು ಅಮೆರಿಕದಲ್ಲಿ ರಾಜ್ಯದ ಕಾನೂನಿಗೆ ಸೇರಿದ ಅಪರಾಧ. ಕೇಂದ್ರದ ತನಿಖಾ ಸಂಸ್ಥೆ ಕೊಲೆಗಾರನನ್ನು ಗುರುತಿಸಿದರೂ ಅವನ ಮೇಲೆ ಕೊಲೆ ಮೊಕದ್ದಮೆ ಹೂಡಬೇಕಾದವರು ಸ್ಥಳೀಯ ವಕೀಲರು, ತೀರ್ಪು ಹೇಳಬೇಕಾದವರು ಸ್ಥಳೀಯ ಜ್ಯೂರಿ. ನಾಗರಿಕ ಹಕ್ಕುಗಳ ಉಲ್ಲಂಘನೆಯೆಂಬ ಹೆಸರಿನಲ್ಲಿ ಕೇಂದ್ರಕ್ಕೆ ಇದ್ದ ಕಾನೂನು ಆಗ ಬಹಳ ತೆಳುವಾಗಿತ್ತು.

ತನಿಖೆಯ ಬೆಳಕು ಬಿದ್ದದ್ದು ಬಿಳಿಯರೇ ಮೇಲೆಂದು ನಂಬಿ ಹಿಂಸೆಗಿಳಿಯುತ್ತಿದ್ದ ಕು ಕ್ಲುಕ್ಸ್ ಕ್ಲಾನ್ ಎಂಬ ಗುಪ್ತ ಸಂಘಟನೆಯ ಮಧ್ಯ ಫ್ಲೋರಿಡಾದ ಶಾಖೆಗಳ ಮೇಲೆ, ಅದರಲ್ಲೂ ನೆರೆಯ ಆರೆಂಜ್ ಕೌಂಟಿಯ ಘಟಕಗಳ ಮೇಲೆ. ಕ್ಲಾನ್ ಎಂದರೆ ಬಿಳಿ ನಿಲುವಂಗಿ, ಉರಿಯುವ ಶಿಲುಬೆ ಎಂಬ ಚಿತ್ರವಷ್ಟೇ ನಮ್ಮಲ್ಲಿದೆ. ಆಗಿನ ಫ್ಲೋರಿಡಾದಲ್ಲಿ ಅದು ಊರಿನ ಕ್ಲಬ್ಬಿನಂತೆ ನಡೆಯುತ್ತಿತ್ತು, ಪೊಲೀಸರೂ ಅಧಿಕಾರಿಗಳೂ ಅದರ ಸದಸ್ಯರಾಗಿದ್ದರು. ಮೂರ್ ಮನೆಯ ನಕ್ಷೆಯೊಂದನ್ನು ಒಬ್ಬ ಸದಸ್ಯ ಕ್ಲಾನ್ ಸಭೆಯಲ್ಲಿ ತೋರಿಸಿ, ಕೆಲಸಕ್ಕೆ ಯಾರು ಬರುತ್ತೀರಿ ಎಂದು ಕೇಳುತ್ತಿದ್ದನೆಂಬ ಮಾಹಿತಿ ತನಿಖೆಯಲ್ಲಿ ಸಿಕ್ಕಿತು. ಇದನ್ನು ಓದಿದಾಗ ನನಗೆ ಮತ್ತೆ ಮತ್ತೆ ಕಾಡುವುದು ನಕ್ಷೆಯಲ್ಲ, ಸಭೆ. ಆ ಸಭೆಯಲ್ಲಿ ಕುಳಿತು ನೋಡಿದವರು ಎಷ್ಟೋ ಮಂದಿ ಇದ್ದಿರಬೇಕು. ಅವರಲ್ಲಿ ಯಾರೂ ಮೂರ್ ಅವರಿಗೆ ಒಂದು ಮಾತು ತಿಳಿಸಲಿಲ್ಲ. ಆಮೇಲೆ ನ್ಯಾಯಾಲಯದಲ್ಲಿ ನಿಂತು ಹೇಳಲೂ ಇಲ್ಲ.

1952ರ ಮಾರ್ಚ್‌ನಲ್ಲಿ ಶಂಕಿತರಲ್ಲೊಬ್ಬ, ಎಫ್‌ಬಿಐ ಎರಡನೆಯ ಸಲ ಪ್ರಶ್ನಿಸಿದ ಮರುದಿನವೇ, ಗುಂಡು ಹೊಡೆದುಕೊಂಡು ಸತ್ತ. ಇನ್ನಿಬ್ಬರು ಪ್ರಮುಖ ಶಂಕಿತರು ಅದೇ ವರ್ಷ ಸಹಜ ಕಾರಣಗಳಿಂದ ತೀರಿಕೊಂಡರು. ಅವರಲ್ಲೊಬ್ಬನ ಸಾವು ಸ್ಫೋಟವಾಗಿ ಸರಿಯಾಗಿ ಒಂದು ವರ್ಷಕ್ಕೆ, 1952ರ ಕ್ರಿಸ್‌ಮಸ್ ದಿನ. ಮಯಾಮಿಯಲ್ಲಿ ಕೂಡಿದ ಕೇಂದ್ರದ ಗ್ರ್ಯಾಂಡ್ ಜ್ಯೂರಿ (ಯಾರ ಮೇಲೆ ಆರೋಪ ಹೊರಿಸಬೇಕೆಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಬೇರೆ ಹಿಂಸಾಚಾರಗಳ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕಾಗಿ ಕೆಲವು ಕ್ಲಾನ್ ಸದಸ್ಯರ ಮೇಲೆ 1953ರಲ್ಲಿ ಆರೋಪ ಹೊರಿಸಿತು. ಅದೂ ನಿಲ್ಲಲಿಲ್ಲ. ಆ ಹಿಂಸಾಚಾರಗಳನ್ನು ವಿಚಾರಿಸುವ ಅಧಿಕಾರವೇ ಕೇಂದ್ರದ ಜ್ಯೂರಿಗೆ ಇಲ್ಲವಾದ್ದರಿಂದ ಅಲ್ಲಿ ಹೇಳಿದ ಸುಳ್ಳು ಅಪರಾಧವಾಗದು ಎಂಬ ತರ್ಕದಿಂದ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಕಾನೂನಿನ ವಿದ್ಯಾರ್ಥಿಗಳು ಇಲ್ಲಿದ್ದರೆ ಈ ತರ್ಕವನ್ನು ಮೆಚ್ಚಿಕೊಳ್ಳಬಹುದು. ನನಗಂತೂ ಅದು ಬೀಗದ ಕೈ ಪೆಟ್ಟಿಗೆಯೊಳಗೇ ಇದೆ ಎಂದು ಹೇಳಿದ ಹಾಗೆ ಕೇಳಿಸುತ್ತದೆ. 1955ರ ಆಗಸ್ಟ್‌ನಲ್ಲಿ ಎಫ್‌ಬಿಐ ಕಡತ ಮುಚ್ಚಿತು.

ಮುಂದಿನ ತನಿಖೆಗಳನ್ನು ಬೇಗನೆ ಹೇಳಿಬಿಡುತ್ತೇನೆ. 1978ರಲ್ಲಿ ಬ್ರೆವಾರ್ಡ್ ಕೌಂಟಿಯೇ ಪ್ರಕರಣವನ್ನು ಮತ್ತೆ ತೆರೆಯಿತು. 1991ರಲ್ಲಿ ರಾಜ್ಯಪಾಲ ಲಾಟನ್ ಚೈಲ್ಸ್ ಆದೇಶದಂತೆ ರಾಜ್ಯದ ತನಿಖಾ ಇಲಾಖೆ ಮರುಪರಿಶೀಲನೆ ನಡೆಸಿತು. ತನ್ನ ಮಾಜಿ ಗಂಡ ಈ ಕೃತ್ಯ ತನ್ನದೆಂದು ಕೊಚ್ಚಿಕೊಳ್ಳುತ್ತಿದ್ದನೆಂದು ಮಹಿಳೆಯೊಬ್ಬಳು ಹೇಳಿದ್ದು ಅದಕ್ಕೆ ನಿಮಿತ್ತವಾಯಿತು, ಆದರೆ ಆ ಹೇಳಿಕೆಯಿಂದ ಯಾರ ಮೇಲೂ ಆರೋಪಪಟ್ಟಿ ಬರಲಿಲ್ಲ. 2004ರ ಡಿಸೆಂಬರ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಚಾರ್ಲಿ ಕ್ರಿಸ್ಟ್ ನಾಲ್ಕನೆಯ ಸಲ ತನಿಖೆ ಆರಂಭಿಸಿದರು. ಮನೆಯಿದ್ದ ಜಾಗವನ್ನು ಪುರಾತತ್ವ ತಜ್ಞರು ಅಗೆದು ನೋಡಿದರು. 2006ರ ಆಗಸ್ಟ್ 16ರಂದು ವರದಿ ಹೊರಬಂತು: ಕ್ಲಾನ್ ಜತೆ ನಂಟಿದ್ದ ನಾಲ್ವರು ಈ ಕೃತ್ಯ ಎಸಗಿರಬೇಕೆಂದು ಅದು ಹೆಸರಿಸಿತು. ನಾಲ್ವರೂ ಸತ್ತು ದಶಕಗಳಾಗಿದ್ದವು. ಕೊನೆಯದಾಗಿ ಕೇಂದ್ರದ ನ್ಯಾಯ ಇಲಾಖೆ ಹಳೆಯ ಜನಾಂಗೀಯ ಕೊಲೆಗಳ ಮರುಪರಿಶೀಲನೆಯ ಅಂಗವಾಗಿ ಇದನ್ನು ಎತ್ತಿಕೊಂಡು, ಮೊಕದ್ದಮೆ ಹೂಡಲು ಜೀವಂತ ವ್ಯಕ್ತಿ ಯಾರೂ ಇಲ್ಲವೆಂದು 2011ರಲ್ಲಿ ಮುಚ್ಚಿತು.

ಆ ನಾಲ್ಕು ಹೆಸರುಗಳು ವರದಿಯಲ್ಲಿವೆ, ಬೇಕಾದವರು ಓದಬಹುದು. ನಾನು ಇಲ್ಲಿ ಓದುವುದಿಲ್ಲ. ಅವರ ಮೇಲೆ ನನಗೆ ಕನಿಕರವಿದೆಯೆಂದಲ್ಲ. ತನ್ನ ಪರ ಒಂದು ಮಾತು ಆಡಲಾಗದ ಮನುಷ್ಯನನ್ನು ದೋಷಿಯೆಂದು ಘೋಷಿಸುವುದಕ್ಕೆ ಏನನ್ನುತ್ತಾರೆಂಬುದನ್ನು ಗ್ರೋವ್‌ಲ್ಯಾಂಡ್ ಪ್ರಕರಣವೇ ನಮಗೆ ತೋರಿಸಿದೆ. ತನಿಖಾ ವರದಿ ತೀರ್ಪಲ್ಲ. ಅದು ಬಲವಾದ ಊಹೆ, ಸಾಕ್ಷ್ಯಗಳಿಂದ ಕಟ್ಟಿದ ಊಹೆ, ಅಷ್ಟೇ. ಮೂರ್ ಕುಟುಂಬಕ್ಕೆ ಆದ ಅನ್ಯಾಯದಲ್ಲಿ ಇದೂ ಒಂದು ಭಾಗ: ತೀರ್ಪು ಎಂಬ ಪದವನ್ನು ಬಳಸುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಹಾಗಾದರೆ ಇದು ಜನಾಂಗದ್ವೇಷದ ಕೊಲೆ ಎಂದು ಖಚಿತವಾಗಿ ಹೇಳಬಹುದೇ? ಕೊಂದವನ ಬಾಯಿಂದ ನ್ಯಾಯಾಲಯದಲ್ಲಿ ಕಾರಣ ಕೇಳಿಲ್ಲವಾದ್ದರಿಂದ ‘ಇರಬಹುದು’ ಎಂಬ ಪದವನ್ನು ಕಾನೂನು ಬಿಟ್ಟುಕೊಡುವುದಿಲ್ಲ. ಆದರೆ ಚರಿತ್ರೆ ಓದುವವನು ಸುತ್ತಲಿನ ಸಂಗತಿಗಳನ್ನೂ ನೋಡಬೇಕು. ಮನೆಯಿಂದ ಏನನ್ನೂ ಕದ್ದಿರಲಿಲ್ಲ. ಕೊಂದ ವಿಧಾನ ಗಂಡನನ್ನು ಮಾತ್ರವಲ್ಲ, ಮನೆಯನ್ನೇ ಗುರಿಯಾಗಿಸಿತ್ತು. ಅದೇ 1951ರಲ್ಲಿ ಮಯಾಮಿಯ ಕಾರ್ವರ್ ವಿಲೇಜ್ ಎಂಬ ವಸತಿ ಸಮುಚ್ಚಯದಲ್ಲಿ, ಬಿಳಿಯರ ಕಟ್ಟಡಗಳಿಗೆ ಕಪ್ಪುಜನರನ್ನು ಸೇರಿಸಿದರೆಂಬ ಕಾರಣಕ್ಕೆ, ಡೈನಮೈಟ್ ಸಿಡಿದಿತ್ತು. ಯಹೂದಿ ಪ್ರಾರ್ಥನಾ ಮಂದಿರಗಳ ಮೇಲೂ ದಾಳಿ ನಡೆದಿತ್ತು. ಹಾಗಿರುವಾಗ ಮಿಮ್ಸ್‌ನ ಬಾಂಬು ಒಂಟಿ ಘಟನೆಯಲ್ಲ.

ಮೆಕಾಲ್ ಬಗ್ಗೆ ಜನ ಅಂದೂ ಇಂದೂ ಮಾತನಾಡುತ್ತಾರೆ. ಆತನಿಗೂ ಈ ಬಾಂಬಿಗೂ ನಂಟು ಕಟ್ಟುವ ಸಾಕ್ಷ್ಯ ಯಾವ ತನಿಖೆಯಲ್ಲೂ ಸಿಗಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಆತ 1972ರವರೆಗೂ ಶೆರಿಫ್ ಆಗಿದ್ದು, 1994ರಲ್ಲಿ ತೀರಿಕೊಂಡ. ನನ್ನ ದೃಷ್ಟಿಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ಬೊಟ್ಟು ಮಾಡುವ ಈ ಆತುರ ಜನಾಂಗದ್ವೇಷವನ್ನು ಯಾರದೋ ಮನಸ್ಸಿನಲ್ಲಿದ್ದ ಸಿಟ್ಟಿಗೆ ಇಳಿಸಿಬಿಡುತ್ತದೆ. ಶಿಕ್ಷಕರ ಸಂಬಳ, ಮತದಾರರ ಪಟ್ಟಿ, ಶೆರಿಫ್‌ನ ಕುರ್ಚಿ, ಕಿತ್ತಳೆ ತೋಟಗಳಿಗೆ ಬೇಕಿದ್ದ ಅಗ್ಗದ ಕೂಲಿ: ಮೂರ್ ಇವನ್ನೆಲ್ಲ ಒಟ್ಟಿಗೇ ಅಲುಗಾಡಿಸಿದ್ದರು. ಇವುಗಳಲ್ಲಿ ಯಾವುದಕ್ಕಾಗಿ ಕೊಂದರು ಎಂಬ ಪ್ರಶ್ನೆ ತನಿಖಾಧಿಕಾರಿಗೆ ಮುಖ್ಯ. ಆದರೆ ಈ ನಾಲ್ಕೂ ಒಂದೇ ಗೋಡೆಯ ಇಟ್ಟಿಗೆಗಳು.

ಗ್ರೋವ್‌ಲ್ಯಾಂಡ್‌ನ ನಾಲ್ವರಿಗೆ 2019ರ ಜನವರಿಯಲ್ಲಿ ಫ್ಲೋರಿಡಾ ರಾಜ್ಯ ಮರಣೋತ್ತರ ಕ್ಷಮಾದಾನ ನೀಡಿತು. 2021ರ ನವೆಂಬರ್‌ನಲ್ಲಿ ನ್ಯಾಯಾಲಯ ಅವರ ಮೇಲಿನ ಆರೋಪ, ಶಿಕ್ಷೆಗಳನ್ನೇ ತೊಡೆದುಹಾಕಿತು. ಮೂರ್ ಯಾವುದಕ್ಕಾಗಿ ಪತ್ರ ಬರೆದರೋ ಅದು ಎಪ್ಪತ್ತು ವರ್ಷಗಳ ನಂತರ ಕಾಗದದ ಮೇಲೆ ಸರಿಯಾಯಿತು. ಮಿಮ್ಸ್‌ನಲ್ಲಿ ಈಗ ದಂಪತಿಯ ಹೆಸರಿನ ಸ್ಮಾರಕ ಉದ್ಯಾನವಿದೆ, ಅದರಲ್ಲಿ ಆ ಮನೆಯ ಪ್ರತಿಕೃತಿಯ ಮರದ ಮನೆಯೂ ಇದೆ. ಕೌಂಟಿಯ ನ್ಯಾಯಾಲಯ ಸಂಕೀರ್ಣಕ್ಕೂ ಇಬ್ಬರ ಹೆಸರನ್ನೇ ಇಟ್ಟಿದ್ದಾರೆ. ಆ ಕಟ್ಟಡದಲ್ಲಿ ಅವರ ಕೊಲೆಯ ವಿಚಾರಣೆ ಮಾತ್ರ ಎಂದೂ ನಡೆಯಲಿಲ್ಲ.

ಇನ್ನು ಹ್ಯಾರಿಯೆಟ್ ಅವರ ಮಾತು. ಸ್ಯಾನ್‌ಫೋರ್ಡ್‌ನ ಆಸ್ಪತ್ರೆಯಲ್ಲಿ ಪತ್ರಕರ್ತರು ಕೇಳಿದಾಗ ಅವರು, ಇದನ್ನು ಯಾರು ಮಾಡಿರಬಹುದೆಂಬುದರ ಬಗ್ಗೆ ತನಗೆ ಒಂದೆರಡು ಅನುಮಾನಗಳಿವೆ, ಆದರೆ ಇಂಥ ಕೆಲಸ ಮಾಡುವವರು ತಾವು ಮಾಡದೆ ಬೇರೆಯವರ ಕೈಯಲ್ಲಿ ಮಾಡಿಸುತ್ತಾರೆ ಎಂಬರ್ಥದ ಮಾತು ಆಡಿದರು. 1978ರ ತನಿಖೆಯ ವೇಳೆ ಕಾಯಿಲೆಯಿಂದ ಮಲಗಿದ್ದ ಹಳೆಯ ಕ್ಲಾನ್ ಸದಸ್ಯನೊಬ್ಬ, ಗುಂಡು ಹೊಡೆದುಕೊಂಡು ಸತ್ತ ತನ್ನ ಗೆಳೆಯನತ್ತ ಬೆರಳು ತೋರಿಸಿ, ಅವನು ಹಣ ಪಡೆದು ಇದನ್ನು ಮಾಡಿದ ಎಂದ. ಹೇಳಿದವನ ಮಾತಿನಲ್ಲಿದ್ದ ವಿವರಗಳು ಅವನೂ ಅಂದು ಆ ತೋಟದಲ್ಲಿ ಇದ್ದನೇ ಎಂಬ ಶಂಕೆ ಹುಟ್ಟಿಸಿದವು. 2006ರ ವರದಿ ಹೆಸರಿಸಿದ ನಾಲ್ವರಲ್ಲಿ ಅವನೂ ಒಬ್ಬ. ಆ ಮಾತು ನಿಜವೇ ಆಗಿದ್ದರೆ ಹಣ ಕೊಟ್ಟವನೊಬ್ಬ ಇರಲೇಬೇಕು. ನಾಲ್ಕು ಹೆಸರುಗಳ ಪಟ್ಟಿಯಲ್ಲಿ ಅವನಿಲ್ಲ.

ಇವಾಂಜಲಿನ್ 2015ರಲ್ಲಿ ತೀರಿಕೊಂಡರು. ರೈಲಿನಿಂದ ಇಳಿದ ಆ ದಿನದಿಂದ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರಿಗಳ ಬಾಗಿಲು ತಟ್ಟಿ, ಕಡತವನ್ನು ಮತ್ತೆ ಮತ್ತೆ ತೆರೆಸಿದವರಲ್ಲಿ ಅವರೂ ಒಬ್ಬರು.